ರೇಗನ್‌ಗೆ ರಾಜಕೀಯ ಕಲಿಸಿದ್ದು ಸಿನಿಮಾ ಅಲ್ಲ

ರೊನಾಲ್ಡ್ ರೇಗನ್ ನಟಿಸಿದ ಕೊನೆಯ ಚಿತ್ರ ಬಂದದ್ದು 1964ರಲ್ಲಿ. ಅದರಲ್ಲಿ ಅವರದು ಖಳನ ಪಾತ್ರ, ಒಂದು ದೃಶ್ಯದಲ್ಲಿ ನಾಯಕಿಯ ಕೆನ್ನೆಗೆ ಬಾರಿಸುತ್ತಾರೆ. ಟಿವಿಗೆಂದು ತೆಗೆದ ಚಿತ್ರವದು. ಹಿಂಸೆ ಅತಿಯಾಯಿತೆಂದು ಟಿವಿಯವರು ಬೇಡವೆಂದ ಮೇಲೆ ಥಿಯೇಟರ್ ಸೇರಿತು. ಅದೇ ವರ್ಷ ಅಕ್ಟೋಬರ್ 27ರ ರಾತ್ರಿ ಅದೇ ಮನುಷ್ಯ ಟಿವಿಯಲ್ಲಿ ಕಾಣಿಸಿಕೊಂಡು, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಪರ ಅರ್ಧ ಗಂಟೆ ಮಾತಾಡಿದರು. ಗೋಲ್ಡ್‌ವಾಟರ್ ಮಣ್ಣುಮುಕ್ಕಿದರು. ಅವರ ಪರ ಮಾತಾಡಿದ ನಟ ಎರಡೇ ವರ್ಷಕ್ಕೆ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆ ಗೆದ್ದರು, 1980ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನವನ್ನೇ ಗೆದ್ದರು.

ಎಂಜಿಆರ್, ಎನ್‌ಟಿಆರ್ ಅವರನ್ನು ಕಂಡ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಆ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಅವರಿಬ್ಬರೂ ತೆರೆಯ ಮೇಲೆ ದೇವರಂತೆ ಮೆರೆಯುತ್ತಲೇ ರಾಜಕೀಯಕ್ಕೆ ಬಂದವರು. ರೇಗನ್ ಹಾಗಲ್ಲ. ಐವತ್ತರ ದಶಕ ಶುರುವಾಗುವ ಹೊತ್ತಿಗೇ ಅವರ ಮಾರುಕಟ್ಟೆ ಬಿದ್ದಿತ್ತು. 1951ರಲ್ಲಿ ಚಿಂಪಾಂಜಿಯ ಜೊತೆ ನಟಿಸಿದರು, 1954ರಲ್ಲಿ ಲಾಸ್ ವೇಗಸ್‌ನ ಹೋಟೆಲೊಂದರ ವೇದಿಕೆಯಲ್ಲಿ ನಿರೂಪಣೆ ಮಾಡಿದರು. ಅವರನ್ನು ನಾಯಕನನ್ನಾಗಿ ತಯಾರು ಮಾಡಿದ್ದು ಬೇರೆ ಮೂರು ಜಾಗಗಳು ಎಂಬುದು ನನ್ನ ಲೆಕ್ಕಾಚಾರ: ರೇಡಿಯೋ, ಕಲಾವಿದರ ಸಂಘ, ಕಾರ್ಖಾನೆ.

1911ರಲ್ಲಿ ಇಲಿನಾಯ್‌ನ ಟ್ಯಾಂಪಿಕೊ ಎಂಬ ಸಣ್ಣ ಊರಲ್ಲಿ ಹುಟ್ಟಿದ ಹುಡುಗ, ಬೇಸಿಗೆಯಲ್ಲಿ ರಾಕ್ ನದಿಯ ದಡದಲ್ಲಿ ಜೀವರಕ್ಷಕನಾಗಿ 77 ಜನರನ್ನು ನೀರಿನಿಂದ ಎತ್ತಿದ್ದು ಅಲ್ಲಿನವರಿಗೆಲ್ಲ ಗೊತ್ತಿರುವ ಕತೆ. ಕಾಲೇಜು ಮುಗಿದ ಮೇಲೆ ಸಿಕ್ಕಿದ್ದು ಅಯೋವಾ ರಾಜ್ಯದಲ್ಲಿ ರೇಡಿಯೋ ಕೆಲಸ. ಆಗ ಬೇಸ್‌ಬಾಲ್ ಕಾಮೆಂಟರಿ ಹೇಳಲು ಮೈದಾನಕ್ಕೆ ಹೋಗಬೇಕೆಂದಿರಲಿಲ್ಲ. ಶಿಕಾಗೋದಲ್ಲಿ ಆಟ, ರೇಗನ್ ಕೂತಿದ್ದು ನೂರಾರು ಮೈಲಿ ದೂರದ ಡಿಮಾಯ್ನ್ ನಗರದ ಸ್ಟುಡಿಯೋದಲ್ಲಿ. ಟೆಲಿಗ್ರಾಫ್‌ನಲ್ಲಿ ಕಟಕಟ ಬಂದ ಸಂಕೇತವನ್ನು ಗಾಜಿನಾಚೆಯವರು ಚೀಟಿಯಲ್ಲಿ ಕೊಟ್ಟರೆ, ಆ ಎರಡಕ್ಷರಕ್ಕೆ ಬಿಸಿಲು, ಧೂಳು, ಜನರ ಕೂಗು ಎಲ್ಲ ಸೇರಿಸಿ ಹೇಳುವುದು ಇವರ ಕೆಲಸ.

ಒಂದು ದಿನ ಚೀಟಿಯಲ್ಲಿ ಬಂದದ್ದು ‘ತಂತಿ ಸತ್ತಿದೆ’ ಎಂಬ ಸುದ್ದಿ. ಹಾಗೆಂದು ಹೇಳಿದರೆ ಕೇಳುಗರು ಬೇರೆ ಸ್ಟೇಷನ್‌ಗೆ ತಿರುಗಿಸುತ್ತಾರೆ. ರೇಗನ್‌ಗೆ ಥಟ್ಟನೆ ಹೊಳೆದದ್ದು ‘ಫೌಲ್’. ಚೆಂಡು ಬ್ಯಾಟಿಗೆ ತಗುಲಿ ಗೆರೆಯಾಚೆ ಹೋದರೆ ಅದು ಸ್ಕೋರ್ ಪಟ್ಟಿಯಲ್ಲಿ ಸೇರುವುದಿಲ್ಲ. ಹಾಗಾಗಿ ಎಷ್ಟು ಹೇಳಿದರೂ ಸುಳ್ಳು ಸಿಕ್ಕಿಬೀಳುವುದಿಲ್ಲ! ಆಟಗಾರನಿಂದ ಫೌಲಿನ ಮೇಲೆ ಫೌಲ್ ಹೊಡೆಸಿದರು. ಚೆಂಡು ಹಿಡಿಯಲು ಮಕ್ಕಳು ಕಿತ್ತಾಡಿದ್ದನ್ನೂ ಬಣ್ಣಿಸಿದರು. ಹೀಗೆ ಆರು ನಿಮಿಷಕ್ಕೂ ಹೆಚ್ಚು. ಕೊನೆಗೆ ತಂತಿಗೆ ಜೀವ ಬಂದಾಗ ಗೊತ್ತಾಗಿದ್ದು, ಆ ಆಟಗಾರ ಮೊದಲ ಎಸೆತಕ್ಕೇ ಔಟಾಗಿದ್ದ. ಈ ಕತೆಯನ್ನು ರೇಗನ್ ಅಧ್ಯಕ್ಷರಾದ ಮೇಲೂ ಖುಷಿಯಿಂದ ಹೇಳುತ್ತಿದ್ದರು, ಹೇಳಿದಾಗಲೆಲ್ಲ ವಿವರ ತುಸು ಬದಲಾಗುತ್ತಿತ್ತು. ಅದೂ ಅವರ ಗುಣವೇ.

1937ರಲ್ಲಿ, ತಾವು ಕಾಮೆಂಟರಿ ಹೇಳುತ್ತಿದ್ದ ಶಿಕಾಗೋದ ಬೇಸ್‌ಬಾಲ್ ತಂಡದ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋದವರು ವಾರ್ನರ್ ಬ್ರದರ್ಸ್‌ನಲ್ಲಿ ಸ್ಕ್ರೀನ್ ಟೆಸ್ಟ್ ಕೊಟ್ಟು, ವಾರಕ್ಕೆ 200 ಡಾಲರ್ ಸಂಬಳಕ್ಕೆ ನಟರಾದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಎಂಬ ಕಲಾವಿದರ ಸಂಘಕ್ಕೆ ಅಧ್ಯಕ್ಷರು. ಆಗಿನ್ನೂ ಅವರು ಡೆಮಾಕ್ರಟಿಕ್ ಪಕ್ಷದವರು. ಪಕ್ಷ ಬದಲಿಸಿ ರಿಪಬ್ಲಿಕನ್ ಆದದ್ದು 1962ರಲ್ಲಿ. ನಲವತ್ತರ ದಶಕದ ಕೊನೆಗೆ, ಹಾಲಿವುಡ್‌ನಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿದ್ದ ದಿನಗಳಲ್ಲಿ ಅವರು ‘ಟಿ-10’ ಎಂಬ ಗುಪ್ತ ಹೆಸರಲ್ಲಿ ಎಫ್‌ಬಿಐಗೆ ಮಾಹಿತಿ ಕೊಡುತ್ತಿದ್ದರು ಎಂಬುದು ಬಯಲಾದದ್ದು 1985ರಲ್ಲಿ, ಅವರು ಶ್ವೇತಭವನದಲ್ಲೇ ಇದ್ದಾಗ.

ಇನ್ನೊಂದು ಪ್ರಕರಣದ ಬಗ್ಗೆ ಅಷ್ಟಾಗಿ ಮಾತಿಲ್ಲ. 1952ರಲ್ಲಿ ಗಿಲ್ಡ್, ಎಂಸಿಎ ಎಂಬ ಸಂಸ್ಥೆಗೆ ನಟರ ಏಜೆಂಟ್ ಆಗಿದ್ದುಕೊಂಡೇ ಟಿವಿ ಕಾರ್ಯಕ್ರಮ ತಯಾರಿಸಲು ವಿಶೇಷ ವಿನಾಯಿತಿ ಕೊಟ್ಟಿತು. ಅಂದರೆ ಸಂಬಳ ಕೇಳುವವರೂ ಕೊಡುವವರೂ ಒಬ್ಬರೇ. ಎಂಸಿಎ ರೇಗನ್‌ರ ಸ್ವಂತ ಏಜೆಂಟ್ ಕೂಡ. ಎರಡು ವರ್ಷದ ನಂತರ ಅದೇ ಸಂಸ್ಥೆಯ ನಿರ್ಮಾಣದ ಟಿವಿ ಸರಣಿಗೆ ರೇಗನ್ ನಿರೂಪಕರಾದರು. 1962ರಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಈ ಬಗ್ಗೆ ಕರೆಸಿ ವಿಚಾರಿಸಿದಾಗ ಅವರಿಂದ ಬಂದ ಉತ್ತರ ಹೆಚ್ಚಾಗಿ ‘ನೆನಪಿಲ್ಲ’ ಎಂದೇ. ಅವರ ಮೇಲೆ ಮೊಕದ್ದಮೆಯೇನೂ ಆಗಲಿಲ್ಲ.

ಆ ಸರಣಿಯ ಪ್ರಾಯೋಜಕರು ಜನರಲ್ ಎಲೆಕ್ಟ್ರಿಕ್. ಕಂಪನಿಯ ಕಾರ್ಖಾನೆಗಳಿಗೆ ಹೋಗಿ ಕಾರ್ಮಿಕರ ಜೊತೆ ಮಾತಾಡುವುದೂ ಒಪ್ಪಂದದಲ್ಲಿತ್ತು. ರೇಗನ್‌ಗೆ ವಿಮಾನವೆಂದರೆ ಭಯ, ಹಾಗಾಗಿ ಪ್ರಯಾಣವೆಲ್ಲ ರೈಲಿನಲ್ಲೇ. ಎಂಟು ವರ್ಷ ಹೀಗೆ ಊರೂರು ಸುತ್ತಿದರು. ಹಾಲಿವುಡ್ ಹರಟೆಯಿಂದ ಶುರುವಾದ ಮಾತು ನಿಧಾನಕ್ಕೆ ತೆರಿಗೆ, ಸರ್ಕಾರದ ಅತಿಯಾದ ಕೈವಾಡದ ಕಡೆ ತಿರುಗಿತು. ಅಂಶಗಳನ್ನು ತಮ್ಮದೇ ಸಂಕ್ಷಿಪ್ತಾಕ್ಷರದಲ್ಲಿ ಕಾರ್ಡುಗಳ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಜನ ನಕ್ಕ ಕಾರ್ಡ್ ಉಳಿಯಿತು, ಆಕಳಿಸಿದ ಕಾರ್ಡ್ ಹೋಯಿತು. ದೂರದ್ದು ಮಸುಕಾಗಿ ಕಾಣುತ್ತಿದ್ದ ಅವರು ಮುಂದೆ ಒಂದು ಕಣ್ಣಿನ ಲೆನ್ಸ್ ತೆಗೆದಿಟ್ಟು ಭಾಷಣಕ್ಕೆ ನಿಲ್ಲುವುದನ್ನು ರೂಢಿಸಿಕೊಂಡರು: ಒಂದು ಕಣ್ಣು ಕಾರ್ಡಿಗೆ, ಇನ್ನೊಂದು ಜನಕ್ಕೆ. 1964ರ ಆ ಅರ್ಧ ಗಂಟೆಯಲ್ಲಿ ದೇಶ ಕೇಳಿದ್ದು ಕಾರ್ಖಾನೆಗಳಲ್ಲಿ ತಿಕ್ಕಿ ತಿಕ್ಕಿ ಹೊಳಪಾದ ಈ ಭಾಷಣವನ್ನೇ.

ಹಳೆಯ ಸಿನಿಮಾಗಳು ಚುನಾವಣೆಯಲ್ಲಿ ನೆರವಿಗೆ ಬರುವುದಿರಲಿ, ತೊಡಕಾದವು. ಒಬ್ಬ ಅಭ್ಯರ್ಥಿಗೆ ಕೊಟ್ಟಷ್ಟೇ ಸಮಯ ಎದುರಾಳಿಗೂ ಕೊಡಬೇಕೆಂಬ ನಿಯಮವಿದ್ದದ್ದರಿಂದ, ಅವರು ಕಣದಲ್ಲಿದ್ದಾಗ ಟಿವಿ ಸ್ಟೇಷನ್‌ಗಳು ಅವರ ಚಿತ್ರ ಹಾಕಲು ಹಿಂದೇಟು ಹಾಕುತ್ತಿದ್ದವು.

1960ರಲ್ಲಿ ಮತ್ತೆ ಗಿಲ್ಡ್ ಅಧ್ಯಕ್ಷರಾಗಿದ್ದ ರೇಗನ್ ಸ್ಟುಡಿಯೋಗಳ ವಿರುದ್ಧ ಮುಷ್ಕರ ನಡೆಸಿದ್ದರು. ಚಿತ್ರ ಟಿವಿಗೆ ಮಾರಾಟವಾದರೆ ನಟರಿಗೂ ಪಾಲು ಬೇಕು ಎಂಬುದು ಬೇಡಿಕೆ. ಅಲ್ಲಿಂದ ಮುಂದಿನ ಚಿತ್ರಗಳಿಗೆ ಪಾಲು ಸಿಕ್ಕಿತು, ಪಿಂಚಣಿ ಮತ್ತು ಆರೋಗ್ಯ ನಿಧಿಗೆ 22.5 ಲಕ್ಷ ಡಾಲರ್ ಬಂತು. ತಮ್ಮ ಹಳೆಯ ಚಿತ್ರಗಳಿಗೆ ಬಿಡಿಗಾಸೂ ಸಿಗದ ಹಿರಿಯ ನಟರ ಸಿಟ್ಟು ಮಾತ್ರ ಆರಲಿಲ್ಲ.

1981ರ ಆಗಸ್ಟ್ 3ರಂದು ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ ಪತ್ರಕರ್ತರ ಮುಂದೆ ಇದನ್ನೇ ನೆನಪಿಸಿದರು: ನನ್ನ ಸಂಘದ ಮೊದಲ ಮುಷ್ಕರದ ಮುಂದಾಳು ನಾನೇ. ಖಾಸಗಿ ಕಂಪನಿಯವರು ಮಾಡಬಹುದು, ಸರ್ಕಾರಿ ನೌಕರರು ಮಾಡುವಂತಿಲ್ಲ. 48 ಗಂಟೆಯ ಗಡುವು ಕೊಟ್ಟರು. ಆ ನಿಯಂತ್ರಕರ ಸಂಘ ಪ್ಯಾಟ್ಕೊ, ಹಿಂದಿನ ವರ್ಷ ಚುನಾವಣೆಯಲ್ಲಿ ಅವರನ್ನೇ ಬೆಂಬಲಿಸಿತ್ತು. ಗಡುವು ಮುಗಿದಾಗ 11,345 ಜನರ ಕೆಲಸ ಹೋಯಿತು. ಅವರಿಗೆ ಆ ಕೆಲಸದ ಬಾಗಿಲು ಮತ್ತೆ ತೆರೆದದ್ದು 1993ರಲ್ಲಿ, ಕ್ಲಿಂಟನ್ ಬಂದ ಮೇಲೆ.