‘ಹೌದು’ ಎಂಬ ಪದವಿಲ್ಲದ ಭಾಷೆ

‘ಊಟ ಆಯ್ತಾ?’ ಅಂತ ಕೇಳಿದರೆ ನಾವು ‘ಆಯ್ತು’ ಅನ್ನುತ್ತೇವೆ. ‘ಹೌದು’ ಅಂದರೂ ನಡೆಯುತ್ತದೆ. ಐರ್ಲೆಂಡಿನ ಐರಿಷ್ ಭಾಷೆಯಲ್ಲಿ ಆ ಎರಡನೆಯ ದಾರಿ ಇಲ್ಲ. ಎಲ್ಲ ಪ್ರಶ್ನೆಗೂ ಒಗ್ಗುವ ‘ಹೌದು’, ‘ಇಲ್ಲ’ ಅಲ್ಲಿಲ್ಲ. ‘ಅನ್ ದಿಗನ್ ತೂ?’ ಅಂದರೆ ಅರ್ಥವಾಯಿತಾ ಅಂತ. ಆಗಿದ್ದರೆ ‘ತಿಗಿಮ್’, ಇಲ್ಲದಿದ್ದರೆ ‘ನೀ ಹಿಗಿಮ್’. ಕೇಳಿದ ಕ್ರಿಯಾಪದದಲ್ಲೇ ಉತ್ತರ ಕೊಡಬೇಕು.

ದಿನನಿತ್ಯದ ಮಾತಿನಲ್ಲಿ ಹಾರೈಕೆಯೇ ಜಾಸ್ತಿ. ಎದುರು ಸಿಕ್ಕವರಿಗೆ ‘ಡಿಯಾ ಗ್ವಿಟ್’ ಅನ್ನುತ್ತಾರೆ, ದೇವರು ನಿನಗಿರಲಿ ಅಂತ. ಅವರು ಅದಕ್ಕೆ ಯೇಸುವಿನ ತಾಯಿ ಮೇರಿಯನ್ನೂ ಸೇರಿಸಿ ಹರಸುತ್ತಾರೆ. ಥ್ಯಾಂಕ್ಸ್ ಹೇಳುವ ‘ಗೊ ರೆವ್ ಮಾಹ್ ಅಗತ್’ಗೆ ನಿನ್ನ ಬಳಿ ಒಳ್ಳೆಯದಿರಲಿ ಎಂದರ್ಥ. ನನಗೆ ತುಂಬಾ ಇಷ್ಟವಾದದ್ದು ಬೀಳ್ಕೊಡುವ ಮಾತು. ‘ಸ್ಲಾನ್’ ಅಂದರೆ ಕ್ಷೇಮ. ಹೊರಟವರು ‘ಸ್ಲಾನ್ ಅಗತ್’ ಅಂದರೆ, ಮನೆಯಲ್ಲಿ ಉಳಿದವರು ‘ಸ್ಲಾನ್ ಲ್ಯಾಟ್’ ಅನ್ನುತ್ತಾರೆ. ನಮ್ಮ ‘ಹೋಗ್ಬರ್ತೀನಿ’, ‘ಹೋಗ್ಬನ್ನಿ’ ಇದ್ದ ಹಾಗೇ ಅಲ್ವಾ?

ಇಷ್ಟು ಅಕ್ಕರೆಯ ಮಾತನ್ನು ಮಕ್ಕಳ ಬಾಯಿಂದ ಹೊಡೆದು ಬಿಡಿಸಿದರು. 1831ರಲ್ಲಿ ಶುರುವಾದ ಬ್ರಿಟಿಷ್ ಸರ್ಕಾರದ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿತ್ತು. ಎಷ್ಟೋ ಕಡೆ ಮಗುವಿನ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗೆಲ್ಲ ಅದರ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಏಟು. ಕೆಲವು ಮನೆಗಳಲ್ಲಿ ಹೆತ್ತವರೇ ಗೀರು ಹಾಕುತ್ತಿದ್ದರು. ಇಂಗ್ಲಿಷ್ ಬಂದರೆ ಹೊಟ್ಟೆಪಾಡು ನಡೆದೀತು ಎಂಬ ಆಸೆ ಅವರದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ದೊಡ್ಡ ಬರ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಆಡುವ ಪಶ್ಚಿಮದ ಬಡವರಿಗೆ.

1893ರಲ್ಲಿ ಐರಿಷ್ ವಿದ್ವಾಂಸ ಡಗ್ಲಸ್ ಹೈಡ್ ಮತ್ತು ಗೆಳೆಯರು ಭಾಷೆ ಉಳಿಸಲು ಗೇಲಿಕ್ ಲೀಗ್ ಎಂಬ ಸಂಘ ಕಟ್ಟಿದರು. ಸ್ವತಂತ್ರ ಐರ್ಲೆಂಡಿನ 1937ರ ಸಂವಿಧಾನ ಐರಿಷನ್ನು ಮೊದಲ ಅಧಿಕೃತ ಭಾಷೆ ಎಂದು ಘೋಷಿಸಿತು. ಹೈಡ್ ಮರುವರ್ಷ ದೇಶದ ಮೊದಲ ಅಧ್ಯಕ್ಷರಾದರು. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಅಂದರು. ಶಾಲೆಯ ಹೊರಗೆ ದಿನಾ ಆಡುವವರು ಸುಮಾರು 72 ಸಾವಿರ ಮಾತ್ರ. ಈ ಅಂತರ ನೋಡಿದರೆ ಸಂಕಟವಾಗುತ್ತದೆ.

ಆದರೂ ಹಳೆಯ ರೂಢಿ ಪೂರ್ತಿ ಬಿಟ್ಟುಹೋಗಿಲ್ಲ. ಐರಿಷ್ ಬಾರದ ಎಷ್ಟೋ ಐರ್ಲೆಂಡಿನವರು ಇಂಗ್ಲಿಷಿನಲ್ಲೂ ಕ್ರಿಯಾಪದದಲ್ಲೇ ಉತ್ತರ ಕೊಡುತ್ತಾರೆ. ‘ನಾಳೆ ಬರ್ತೀಯಾ?’ ಅಂದರೆ ಬರೀ ‘ಯೆಸ್’ ಅನ್ನುವುದಿಲ್ಲ, ‘ಐ ವಿಲ್’ ಅನ್ನುತ್ತಾರೆ.