ಎಂಟು ಮನೆಯ ಚೌಕದಲ್ಲಿ ಒಂದು ಅಕ್ಷರ

ಅಕ್ಷರ ವಿನ್ಯಾಸ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವುದು ಲೆಕ್ಕದ ಪುಸ್ತಕದ ಚೌಕುಳಿ ಹಾಳೆ. ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಮನೆಗಳ ಒಂದು ಚೌಕವನ್ನು ಗುರುತು ಹಾಕಿಕೊಂಡು, ಅದರೊಳಗೆ ಇಂಗ್ಲಿಷಿನ ‘ಎ’ ಅಕ್ಷರವನ್ನು ಮನೆ ತುಂಬಿಸಿಯೇ ಬರೆಯಬೇಕು. ಯಾವ ಮನೆಯನ್ನೂ ಅರ್ಧ ತುಂಬಿಸುವಂತಿಲ್ಲ. ಹೆಚ್ಚಿನವರು ಎಂಟೂ ಮನೆಗಳನ್ನು ಬಳಸಿಬಿಡುತ್ತಾರೆ, ಪಕ್ಕದಲ್ಲಿ ಇನ್ನೊಂದು ಅಕ್ಷರ ಬರೆಯಲು ಹೇಳಿದಾಗ ಎರಡೂ ಅಂಟಿಕೊಳ್ಳುತ್ತವೆ. ಅಕ್ಷರಗಳ ನಡುವಿನ ತೆರವು ಕೂಡ ಆ ಚೌಕದೊಳಗಿಂದಲೇ ಬರಬೇಕಾದ್ದರಿಂದ ಬಲಗಡೆಯ ಒಂದು ಸಾಲನ್ನೂ ಕೆಳಗಡೆಯ ಒಂದು ಸಾಲನ್ನೂ ಖಾಲಿ ಬಿಡಬೇಕು. ಉಳಿಯುವುದು ಏಳಕ್ಕೆ ಏಳು. ಏಳು ಬೆಸ ಸಂಖ್ಯೆಯಾಗಿರುವುದು ಇಲ್ಲಿ ದೊಡ್ಡ ಅನುಕೂಲ: ‘ಇ’ ಅಕ್ಷರದ ನಡುಗೆರೆಗೆ ಸರಿಯಾಗಿ ನಾಲ್ಕನೆಯ ಸಾಲು ಸಿಗುತ್ತದೆ, ‘ಎಮ್’ ಅಕ್ಷರದ ಎರಡು ಇಳಿಜಾರುಗಳು ಕೂಡಲು ನಟ್ಟನಡುವೆ ಒಂದು ಮನೆ ಸಿಗುತ್ತದೆ.

ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ವಿಡಿಯೊ ಆಟಗಳಲ್ಲಿ ಅತಿ ಹೆಚ್ಚು ಬಳಕೆಯಾದ ಅಕ್ಷರಮಾಲೆ ಹುಟ್ಟಿದ್ದು ಇಂಥ ಚೌಕದಲ್ಲಿಯೇ. ಅಮೆರಿಕದ ವಿಡಿಯೊ ಆಟಗಳ ಕಂಪನಿ ಅಟಾರಿಯ ಅಂಗಸಂಸ್ಥೆಯಾಗಿದ್ದ ಕೀ ಗೇಮ್ಸ್ 1976ರಲ್ಲಿ ಹೊರತಂದ ‘ಕ್ವಿಜ್ ಷೋ’ ಆಟಕ್ಕಾಗಿ ಅದನ್ನು ರೂಪಿಸಿದ ಲೈಲ್ ರೈನ್ಸ್ ಎಂಜಿನಿಯರ್ ಆಗಿದ್ದರೇ ಹೊರತು ಅಕ್ಷರ ವಿನ್ಯಾಸಕರಾಗಿರಲಿಲ್ಲ. ಜಪಾನಿನ ನ್ಯಾಮ್ಕೊ ಕಂಪನಿ ಅದೇ ಅಕ್ಷರಗಳನ್ನು ತನ್ನದಾಗಿಸಿಕೊಂಡಿತು. ಗೋಡೆಗಳ ನಡುವೆ ಚುಕ್ಕಿ, ಹಣ್ಣು ತಿನ್ನುತ್ತ ಭೂತಗಳಿಂದ ತಪ್ಪಿಸಿಕೊಳ್ಳುವ ಅದರ 1980ರ ಆಟ ‘ಪ್ಯಾಕ್‌ಮ್ಯಾನ್’ ಮೂಲಕ ಜಗತ್ತು ಅವನ್ನು ಗುರುತು ಹಿಡಿಯುವಂತಾಯಿತು. ಆ ‘ಎ’ ಅಕ್ಷರವನ್ನು ಸಾಲಿಗೊಂದು ಸಂಖ್ಯೆಯಂತೆ ಬರೆದರೆ ಹೀಗಿರುತ್ತದೆ: 56, 108, 198, 198, 254, 198, 198, 0. ತುಂಬಿದ ಮನೆಗೆ 1, ಖಾಲಿ ಮನೆಗೆ 0 ಎಂದಿಟ್ಟುಕೊಂಡರೆ ಮೊದಲ ಸಾಲಿನ 56 ಎಂದರೆ ದ್ವಿಮಾನ ಪದ್ಧತಿಯಲ್ಲಿ 00111000, ಅಂದರೆ ಮೂರು ಚುಕ್ಕಿಯ ನೆತ್ತಿ. ಐದನೆಯ ಸಾಲಿನ 254 ಎಂದರೆ ಏಳೂ ಚುಕ್ಕಿ ಉರಿಯುವ ಅಡ್ಡಪಟ್ಟಿ. ಕೊನೆಯ ಸೊನ್ನೆ ನಾವು ಬಿಟ್ಟ ತೆರವು. ಒಂದೊಂದು ಮನೆ ಒಂದು ಬಿಟ್, ಎಂಟು ಬಿಟ್‌ಗಳ ಒಂದು ಸಾಲು ಒಂದು ಬೈಟ್. ಎಂಟು ಬೈಟ್‌ಗಳಲ್ಲಿ ಒಂದು ಅಕ್ಷರ ಮುಗಿಯಿತು.

ಇಷ್ಟು ಜಿಪುಣತನ ಏಕೆ ಬೇಕಾಗಿತ್ತು ಎಂಬುದಕ್ಕೆ ಪ್ಯಾಕ್‌ಮ್ಯಾನ್ ಪರದೆಯ ಲೆಕ್ಕವನ್ನೇ ನೋಡಬಹುದು. ಅಗಲ 224 ಚುಕ್ಕಿ, ಎತ್ತರ 288 ಚುಕ್ಕಿ. ಪ್ರತಿ ಚುಕ್ಕಿಯ ಬಣ್ಣವನ್ನೂ ಬೇರೆಬೇರೆಯಾಗಿ ನೆನಪಿಡಬೇಕೆಂದರೆ, ಚುಕ್ಕಿಗೆ ಎರಡೇ ಬಿಟ್ ಎಂದುಕೊಂಡರೂ 16,128 ಬೈಟ್ ಬೇಕು. ಅದರ ಬದಲು ಪರದೆಯನ್ನು 28 ಅಡ್ಡ, 36 ಉದ್ದದ 1,008 ಚೌಕಗಳಾಗಿ ಒಡೆದು, ‘ಈ ಚೌಕದಲ್ಲಿ ಇಷ್ಟನೆಯ ನಂಬರಿನ ಚಿತ್ರ, ಇಂಥ ಬಣ್ಣದ ತಂಡ’ ಎಂದು ಎರಡು ಬೈಟ್‌ಗಳಲ್ಲಿ ಬರೆದಿಟ್ಟರೆ ಸುಮಾರು ಎರಡು ಸಾವಿರ ಬೈಟ್‌ಗಳಲ್ಲಿ ಕೆಲಸ ಮುಗಿಯುತ್ತದೆ. 256 ಚಿತ್ರಗಳ ದಾಸ್ತಾನು ಬೇರೊಂದು ಚಿಪ್‌ನಲ್ಲಿ ಕಾಯಂ ಆಗಿ ಕೂತಿರುತ್ತದೆ. ಗೋಡೆಯ ಮೂಲೆ, ತಿನ್ನುವ ಚುಕ್ಕಿ, ಚೆರಿ ಹಣ್ಣಿನ ಕಾಲುಭಾಗ, ‘ಎ’ ಅಕ್ಷರ ಎಲ್ಲವೂ ಅದೇ ದಾಸ್ತಾನಿನ ಸರಕು. ಬಣ್ಣ ಬೇರೆ ಕಡೆ ಇರುವುದರಿಂದ, ಆಟದ ಆರಂಭದಲ್ಲಿ ಬ್ಲಿಂಕಿ ಎಂಬ ಭೂತದ ಹೆಸರನ್ನು ಕೆಂಪಿನಲ್ಲಿಯೂ ಪಿಂಕಿ ಎಂಬ ಭೂತದ ಹೆಸರನ್ನು ಗುಲಾಬಿಯಲ್ಲಿಯೂ ಬರೆಯಲು ಹೊಸ ಅಕ್ಷರಗಳೇನೂ ಬೇಕಾಗಲಿಲ್ಲ.

ಅಕ್ಷರಕ್ಕೂ ಹಣ್ಣಿಗೂ ಯಂತ್ರ ಭೇದವೆಣಿಸುವುದಿಲ್ಲ ಎಂಬುದು ಆ ಆಟದ 256ನೆಯ ಹಂತದಲ್ಲಿ ಕಣ್ಣಿಗೇ ಕಾಣುತ್ತದೆ. ಹಂತದ ಎಣಿಕೆ ಒಂದೇ ಬೈಟ್‌ನಲ್ಲಿದ್ದು, 255ರ ಆಚೆಗೆ ಅದು ಸೊನ್ನೆಗೆ ಮರಳುತ್ತದೆ. ಪರದೆಯ ಅಡಿಯಲ್ಲಿ ಹಣ್ಣುಗಳ ಚಿತ್ರ ಬರೆಯುವ ಭಾಗಕ್ಕೆ ಲೆಕ್ಕ ತಪ್ಪಿ, ಕೆಲವೇ ಹಣ್ಣುಗಳ ಬದಲು 256 ಹಣ್ಣುಗಳ ಚಿತ್ರ ಬರೆಯಲು ಅದು ಹೊರಡುತ್ತದೆ. ಹಣ್ಣುಗಳ ಪಟ್ಟಿ ಮುಗಿದ ಮೇಲೂ ಅದು ಮೆಮೊರಿಯಲ್ಲಿ ಸಿಕ್ಕಿದ್ದನ್ನೆಲ್ಲ ಚಿತ್ರದ ನಂಬರ್ ಎಂದೇ ಓದುತ್ತ ಹೋಗುವುದರಿಂದ ಪರದೆಯ ಬಲ ಅರ್ಧದ ತುಂಬ ಅಕ್ಷರ, ಅಂಕಿ, ತುಂಡು ಚಿತ್ರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರ ಸಂಯೋಜನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರಪಟ ನನಗೆ ಸಿಕ್ಕಿಲ್ಲ.

ಇನ್ನು ಆ ಅಕ್ಷರಗಳ ಮೈಕಟ್ಟು. ಲಂಬಗೆರೆಗಳೆಲ್ಲ ಎರಡು ಚುಕ್ಕಿ ದಪ್ಪ, ಅಡ್ಡಗೆರೆಗಳು ಒಂದೇ ಚುಕ್ಕಿ. ಹಳೆಯ ಟಿವಿಗಳಲ್ಲಿದ್ದಂಥ ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಮೂಡಿಸುವ ಕಿರಣವು ಎಡದಿಂದ ಬಲಕ್ಕೆ ಓಡುತ್ತದೆ. ಅಡ್ಡಗೆರೆ ಬಿಡಿಸುವಾಗ ಅದು ಐದಾರು ಚುಕ್ಕಿಗಳಷ್ಟು ಹೊತ್ತು ಉರಿದೇ ಇರುತ್ತದೆ. ಒಂದು ಚುಕ್ಕಿ ದಪ್ಪದ ಲಂಬಗೆರೆಗಾದರೆ ಅದು ಹೊತ್ತಿಕೊಂಡು ತಕ್ಷಣ ಆರಬೇಕು; ಪ್ಯಾಕ್‌ಮ್ಯಾನ್ ಯಂತ್ರದಲ್ಲಿ ಅದಕ್ಕೆ ಸಿಗುವ ಕಾಲ ಸೆಕೆಂಡಿನ ಸುಮಾರು ಅರುವತ್ತು ಲಕ್ಷದಲ್ಲಿ ಒಂದು ಪಾಲು. ಪೂರ್ತಿ ಹೊತ್ತುವ ಮೊದಲೇ ಆರುವ ಗೆರೆ ಪೇಲವವಾಗಿ ಕಾಣುತ್ತದೆ. ಎರಡು ಚುಕ್ಕಿಯ ದಪ್ಪ ಈ ತೊಂದರೆಗೆ ಒಳ್ಳೆಯ ಮದ್ದು. ವಿಚಿತ್ರವೆಂದರೆ ಪ್ಯಾಕ್‌ಮ್ಯಾನ್ ಯಂತ್ರದಲ್ಲಿ ಟ್ಯೂಬನ್ನೇ ಅಡ್ಡ ಮಲಗಿಸಲಾಗಿದೆ, ಕಿರಣ ಅಲ್ಲಿ ಲಂಬಗೆರೆಗಳ ಉದ್ದಕ್ಕೇ ಓಡುತ್ತದೆ. ಮದ್ದಿನ ಅಗತ್ಯ ದಿಕ್ಕು ಬದಲಿಸಿದರೂ ಅಕ್ಷರಗಳು ಬದಲಾಗಲಿಲ್ಲ. ಅದೇ ರೀತಿ ಮಲಗಿಸಿದ ಟ್ಯೂಬಿಗಾಗಿ ಟೈಟೊ ಕಂಪನಿ 1978ರಲ್ಲಿ ಮಾಡಿದ ‘ಸ್ಪೇಸ್ ಇನ್‌ವೇಡರ್ಸ್’ ಆಟದ ಅಕ್ಷರಗಳಾದರೋ ಐದಕ್ಕೆ ಏಳರ ಅಳತೆಯಲ್ಲಿ, ಒಂದೇ ಚುಕ್ಕಿಯ ತೆಳು ಗೆರೆಗಳಲ್ಲಿ ಇವೆ; ‘ಪ್ಲೇ’ ಎಂಬ ಪದದಲ್ಲಿ ತಲೆಕೆಳಗಾಗಿ ನಿಂತ ‘ವೈ’ ಅಕ್ಷರವನ್ನು ಆಕ್ರಮಣಕಾರನೊಬ್ಬ ಎಳೆದೊಯ್ದು ಸರಿಯಾದದ್ದನ್ನು ತಂದು ನಿಲ್ಲಿಸುವ ಅದರ ತುಂಟತನ ನನಗೆ ಇಂದಿಗೂ ಇಷ್ಟ.

ಅಟಾರಿ-ನ್ಯಾಮ್ಕೊ ಅಕ್ಷರಮಾಲೆಯಲ್ಲಿ ನಾನು ಹೆಚ್ಚು ಮೆಚ್ಚುವುದು ಸೊನ್ನೆಯನ್ನು. ‘ಓ’ ಅಕ್ಷರ ಎರಡೂ ಬದಿ ಸಮನಾಗಿದೆ. ಸೊನ್ನೆಯ ಎರಡನೆಯ ಸಾಲಿನಲ್ಲಿ ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು. ಆರನೆಯ ಸಾಲಿನಲ್ಲಿ ಎಡಕ್ಕೆ ಎರಡು, ಬಲಕ್ಕೆ ಒಂದು. ಈ ಓರೆಯಿಂದಾಗಿ, ಅಂಕಗಳ ಸಾಲಿನಲ್ಲಿ ಸೊನ್ನೆಗಳೇ ತುಂಬಿದ್ದರೂ ಅವು ‘ಓ’ ಎಂದು ತೋರುವುದಿಲ್ಲ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿಯೂ ಇದೇ ಸೊನ್ನೆ ಇದೆ. ಹಿಂದೊಮ್ಮೆ ಗಿರಾಕಿಯೊಬ್ಬರಿಗೆ ಈ ಮಾದರಿಯಲ್ಲಿ ಅಂಕಿಗಳನ್ನು ಮಾಡಿಕೊಟ್ಟಾಗ ಅವರು ‘ಸೊನ್ನೆ ಸೊಟ್ಟಗಿದೆ’ ಎಂದು ಹಿಂದಿರುಗಿಸಿ, ಕೊನೆಗೆ ತಾವೇ ತಿದ್ದಿಸಿಕೊಂಡರು. ಅವರ ದೋಷವೆನ್ನುವಂತಿಲ್ಲ. ಅವರು ನೋಡಿದ್ದು ಚಪ್ಪಟೆ ಪರದೆಯಲ್ಲಿ, ಪ್ರತಿ ಚುಕ್ಕಿಯೂ ಚೂಪು ಮೂಲೆಯ ಚೌಕವಾಗಿ. ಟ್ಯೂಬಿನ ಮೇಲೆ ಚುಕ್ಕಿಯ ಬೆಳಕು ಅಕ್ಕಪಕ್ಕಕ್ಕೆ ಹರಡಿ ಮೆಟ್ಟಿಲುಗಳನ್ನು ಸವರಿಬಿಡುತ್ತಿತ್ತು, ಆ ಓರೆ ಅಲ್ಲಿ ಲೇಖನಿಯ ಬಾಗಿನಂತೆ ಕಾಣುತ್ತಿತ್ತು.

ಜಪಾನಿನವರೇ ತಮ್ಮ ಆಟಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಇಷ್ಟೊಂದು ಬಳಸಿದ್ದಕ್ಕೂ ಈ ಚೌಕ ಒಂದು ಕಾರಣ. ಕಟಕಾನ ಲಿಪಿ ಹೇಗೋ ಎಂಟು ಮನೆಗಳಲ್ಲಿ ಕೂರುತ್ತದೆ, ಚೀನೀ ಮೂಲದ ಕಾಂಜಿ ಲಿಪಿಗೆ ಹದಿನಾರಕ್ಕೆ ಹದಿನಾರು, ಅಂದರೆ ನಾಲ್ಕು ಚೌಕ ಬೇಕು. ನಮ್ಮ ಕನ್ನಡದ ಕಷ್ಟ ಇನ್ನೊಂದು ಬಗೆಯದು. ಬಸ್ಸಿನ ಎಲ್‌ಇಡಿ ಫಲಕಕ್ಕಾಗಿ ಹದಿನಾರು ಸಾಲಿನ ಕನ್ನಡ ಅಕ್ಷರಗಳನ್ನು ಮಾಡುವಾಗ ತಲೆಕಟ್ಟಿಗೆ ಮೂರು, ಮೈಗೆ ಎಂಟು, ಒತ್ತಕ್ಷರಕ್ಕೆ ಐದು ಸಾಲು ಎಂದು ಹಂಚಿದೆ. ಮೈಗೂ ಒತ್ತಿಗೂ ನಡುವೆ ತೆರವಿಗೆಂದು ಒಂದು ಸಾಲೂ ಉಳಿಯಲಿಲ್ಲ. ಎಲ್‌ಇಡಿಯಲ್ಲಿ ಗೆರೆ ಸವರಿಕೊಡುವ ಟ್ಯೂಬಿನ ಉಪಕಾರವೂ ಇಲ್ಲ. ಇಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಎಂಬ ಕಟ್ಟಳೆ ಇರದಿದ್ದುದರಿಂದ ಒತ್ತನ್ನು ಕೆಳಕ್ಕೆ ತಳ್ಳದೆ ಬಲಕ್ಕೆ ಸರಿಸಿದೆ. ಈಗ ಆ ಫಲಕದ ಮೇಲೆ ‘ಕೃಷ್ಣರಾಜ ಮಾರುಕಟ್ಟೆ’ ಎಂದು ಹರಿಯುವಾಗ ಣ ಒತ್ತು ‘ಷ’ದ ಅಡಿಯಿಂದ ಆಚೆ ಬಂದು ‘ರಾ’ ಅಕ್ಷರದ ಕೆಳಗೆ ಎರಡು ಚುಕ್ಕಿಯಷ್ಟು ನುಸುಳಿರುತ್ತದೆ.