ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಸಿಒಪಿಡಿ ಎಷ್ಟು ಬಲಿತಿದೆ ಎಂದು ತಿಳಿಯುತ್ತದೆಯೇ?

ಪ್ರಶ್ನೆ: ಬಹಳ ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ ನನ್ನ ತಾಯಿಗೆ ಸಿಒಪಿಡಿ (ಗಾಳಿಯ ಹರಿವಿಗೆ ಅಡ್ಡಿಯಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ ಎಂದು ವೈದ್ಯರು ಹೇಳಿದ್ದಾರೆ. ಎದೆಯ ಎಕ್ಸ್-ರೇಯಲ್ಲಿ ಹೆಚ್ಚೇನೂ ಕಾಣಲಿಲ್ಲವಂತೆ, ಆದರೆ ಅವರಿಗೆ ನಾಲ್ಕು ಹೆಜ್ಜೆ ನಡೆದರೂ ದಮ್ಮು ಬರುತ್ತದೆ. ಸಿ.ಟಿ. ಮಾಡಿಸಿದರೆ ಕಾಯಿಲೆಯ ತೀವ್ರತೆ ಗೊತ್ತಾಗುತ್ತದೆಯೇ?

ಉತ್ತರ: ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ಆದರೆ ತೀವ್ರತೆಯನ್ನು ಅಳೆಯಲು ಮೊದಲು ಬೇಕಾದದ್ದು ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಜೋರಾಗಿ ಊದಿಸುವ ಪರೀಕ್ಷೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೆ ಊದಿಸಿದಾಗ, ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯು ಊದಿದ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಇದೆಯೆಂಬುದು ಖಚಿತವಾಗುತ್ತದೆ. ಆ ಮೊದಲ ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸು ಮತ್ತು ಎತ್ತರದ ಆರೋಗ್ಯವಂತ ಮಹಿಳೆಯರ ಪ್ರಮಾಣಕ್ಕೆ ಹೋಲಿಸಿ ನೋಡುತ್ತಾರೆ, ಅದು ಶೇ. 50ಕ್ಕಿಂತ ಕೆಳಗಿದ್ದರೆ ತೀವ್ರ, 30ಕ್ಕಿಂತ ಕೆಳಗಿದ್ದರೆ ಅತಿ ತೀವ್ರ ಎಂದು ಎಣಿಸುತ್ತಾರೆ. ದಿನನಿತ್ಯದ ಕೆಲಸದಲ್ಲಿ ಎಷ್ಟು ಏದುಸಿರು ಬರುತ್ತದೆ, ಕಳೆದ ವರ್ಷ ಎಷ್ಟು ಸಲ ಕಾಯಿಲೆ ಉಲ್ಬಣಿಸಿತು ಎಂಬುದಕ್ಕೂ ಇಷ್ಟೇ ತೂಕವಿದೆ.

ಎಕ್ಸ್-ರೇ ಇಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಕಾಯಿಲೆ ಬಲಿತವರಲ್ಲಿ ಶ್ವಾಸಕೋಶ ಉಬ್ಬಿರುವುದೂ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಚಪ್ಪಟೆಯಾಗಿರುವುದೂ ಕಾಣಬಹುದು. ಆರಂಭದ ಹಂತದಲ್ಲಿ ಚಿತ್ರ ಸರಿಯಾಗಿಯೇ ಇರಬಹುದು. ಆದ್ದರಿಂದ "ಎಕ್ಸ್-ರೇ ನಾರ್ಮಲ್" ಎಂಬ ಮಾತಿನಿಂದ ತಾಯಿಯವರ ದಮ್ಮನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಸಿ.ಟಿ.ಯ ನಿಜವಾದ ಬಲವಿರುವುದು ಹಾನಿ ಯಾವ ಬಗೆಯದು, ಎಲ್ಲಿ ಆಗಿದೆ ಎಂದು ತೋರಿಸುವುದರಲ್ಲಿ. ಸಿ.ಟಿ. ಚಿತ್ರದ ಪ್ರತಿ ಬಿಂದುವಿಗೂ ಸಾಂದ್ರತೆಯ ಒಂದು ಅಂಕಿಯಿರುತ್ತದೆ: ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಪೂರ್ತಿ ಉಸಿರೆಳೆದುಕೊಂಡಾಗ ಮೈನಸ್ 950ಕ್ಕಿಂತ ಕೆಳಗಿರುವ ಭಾಗಗಳಲ್ಲಿ ಗಾಳಿಗೂಡುಗಳ ಗೋಡೆ ನಶಿಸಿದೆ, ಅಂದರೆ ಎಂಫಿಸೀಮಾ ಇದೆ ಎಂದು ಲೆಕ್ಕಹಾಕಿ, ಅದು ಶ್ವಾಸಕೋಶದ ಶೇಕಡಾ ಎಷ್ಟು ಎಂಬುದನ್ನು ಕಂಪ್ಯೂಟರ್ ತಿಳಿಸುತ್ತದೆ. ತಂತ್ರಜ್ಞರು "ಉಸಿರು ಎಳೆದು ಹಿಡಿದುಕೊಳ್ಳಿ" ಎಂದಾಗ ರೋಗಿ ಅರ್ಧಕ್ಕೇ ನಿಲ್ಲಿಸಿದರೆ ಈ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಸೌದೆ ಹೊಗೆಯಿಂದ ಸಿಒಪಿಡಿ ಬಂದ ಮಹಿಳೆಯರಲ್ಲಿ, ಧೂಮಪಾನಿಗಳಿಗೆ ಹೋಲಿಸಿದರೆ, ಎಂಫಿಸೀಮಾ ಸಾಮಾನ್ಯವಾಗಿ ಕಡಿಮೆ. ಶ್ವಾಸನಾಳಗಳ ತೊಂದರೆಯೇ ಹೆಚ್ಚು. ಹಾಗಾಗಿ ಸಿ.ಟಿ.ಯಲ್ಲಿ ಎಂಫಿಸೀಮಾ ಅಲ್ಪ ಎಂದು ಬಂದರೆ ಕಾಯಿಲೆಯೂ ಅಲ್ಪ ಎಂದು ತಿಳಿಯಬಾರದು.

ಎಲ್ಲರಿಗೂ ಸಿ.ಟಿ. ಬೇಕಿಲ್ಲ, ಅದರ ವಿಕಿರಣವೂ ಎಕ್ಸ್-ರೇಗಿಂತ ಬಹಳ ಹೆಚ್ಚು. ಊದುವ ಪರೀಕ್ಷೆಯ ಫಲಿತಾಂಶಕ್ಕೂ ದಮ್ಮಿಗೂ ತಾಳೆಯಾಗದಿದ್ದಾಗ, ಪದೇ ಪದೇ ಉಲ್ಬಣಿಸುವಾಗ, ಕಫದಲ್ಲಿ ರಕ್ತ ಕಂಡಾಗ, ಅಥವಾ ಹಾನಿಯಾದ ಭಾಗವನ್ನು ತೆಗೆಯುವ ಇಲ್ಲವೇ ಅಲ್ಲಿಗೆ ಕವಾಟ ಕೂರಿಸುವ ಚಿಕಿತ್ಸೆಯ ಮಾತು ಬಂದಾಗ ಅದನ್ನು ಮಾಡಿಸುವುದು ಉಚಿತ. ತಾಯಿಯವರಿಗೆ ಸ್ಪೈರೋಮೆಟ್ರಿ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆ ವರದಿಯನ್ನು ಶ್ವಾಸಕೋಶ ತಜ್ಞರಿಗೆ ತೋರಿಸಿ, ಸಿ.ಟಿ.ಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗಬಹುದು ಎಂದು ಕೇಳಿ.